ಮುಂದಕ್ಕೊಂದು, ಹಿಂದಕ್ಕೊಂದು ಮುಚ್ಚಳ

ಜೀಪು ಬಂಡೆಯಿಂದ ಇಳಿಯುತ್ತಿದ್ದಾಗ ಹಿಂದುಗಡೆ ಢಣ್ ಎಂದಿತು. ಆಮೇಲೆ ಚಕ್ರ ಉರುಳಿದಂತೆಲ್ಲ ಕರಕರ ಸದ್ದು. ಸೊಸೆ ಎಂಜಿನ್ ಆರಿಸಿದಳು. ಹೊರಗೆ ನಿಂತು ದಾರಿ ತೋರಿಸುತ್ತಿದ್ದ ಅತ್ತೆ ನೆಲಕ್ಕೆ ಕೆನ್ನೆ ತಾಗಿಸಿ ಗಾಡಿಯಡಿ ಇಣುಕಿದರು.

"ಏನಾಯ್ತು ಅತ್ತೆ?"

"ಹಿಂದಿನ ಗೇರಿನ ಮುಚ್ಚಳ ಗುದ್ದು ತಿಂದಿದೆ ಕಣೇ. ಎಣ್ಣೆ ಸೋರ್ತಾ ಇದೆ."

ಸೊಸೆ ಹಲ್ಲಿನ ಡಾಕ್ಟರು. ಅತ್ತೆ ಶಾಲೆಯಲ್ಲಿ ಲೆಕ್ಕ ಹೇಳಿಕೊಟ್ಟು ನಿವೃತ್ತರಾದವರು. ಮದುವೆಯ ಹೊಸದರಲ್ಲಿ ಇಬ್ಬರಿಗೂ ಮಾತಾಡಲು ವಿಷಯವೇ ಸಿಗುತ್ತಿರಲಿಲ್ಲ. ಆಮೇಲೆ ಸೊಸೆ ಹಳೆಯ ಜೀಪೊಂದನ್ನು ಕೊಂಡಳು. ಹಸಿರು ಬಣ್ಣ, ಉಬ್ಬುಗಣ್ಣಿನಂಥ ದೀಪ. ಅತ್ತೆ ಅದಕ್ಕೆ 'ಕಪ್ಪೆ' ಎಂದು ಹೆಸರಿಟ್ಟರು. ಕಲ್ಲುಗುಡ್ಡ ಹತ್ತುವಾಗ ಹೊರಗೆ ನಿಂತು ಎಡ, ಬಲ ಎಂದು ಕೂಗಲು ಒಬ್ಬರು ಬೇಕಲ್ಲ? ಗಲಾಟೆಯ ತರಗತಿಯನ್ನು ಒಂದೇ ಕೂಗಿಗೆ ತಣ್ಣಗಾಗಿಸಿದ ಗಂಟಲು ಅತ್ತೆಯದು. ಅಂದಿನಿಂದ ಅವರಿಬ್ಬರದು ಉಗುರು ಬೆರಳಿನ ನಂಟು. ಮಗನಿಗೆ ಮಾತ್ರ ಜೀಪು ಹತ್ತಿದರೆ ಹೊಟ್ಟೆ ತೊಳಸುತ್ತಿತ್ತು. "ನನ್ನ ನೆಪ ಮಾಡ್ಕೊಂಡು ನೀವಿಬ್ರೇ ಮದುವೆ ಆಗಿದೀರ" ಎಂದು ಗೊಣಗುತ್ತಿದ್ದ.

ಮುಂದಿನ ಭಾನುವಾರವೇ ಗುಡ್ಡ ಹತ್ತುವ ಸ್ಪರ್ಧೆ. ಕಪ್ಪೆಯನ್ನು ಬೇರೆ ಗಾಡಿಗೆ ಕಟ್ಟಿ ಮನೆಗೆ ಎಳೆತಂದರು. ಮರುದಿನ ಸಂಜೆ ಕ್ಲಿನಿಕ್ಕಿಗೆ ಬೀಗ ಹಾಕಿ ಸೊಸೆ ಅತ್ತೆಯೊಂದಿಗೆ ಬಿಡಿಭಾಗದ ಅಂಗಡಿಗೆ ಓಡಿದಳು. ಅಂಗಡಿಯವರನ್ನು ಎಲ್ಲರೂ ಗ್ರೀಸ್ ಮಾಮ ಎನ್ನುತ್ತಿದ್ದರು. ಅವರ ಕೈ ಕುಲುಕಿದರೆ ಸೋಪಿಗೆ ಕೆಲಸ ಗ್ಯಾರಂಟಿ. ಛಾವಣಿಯಿಂದ ಫ್ಯಾನ್ ಬೆಲ್ಟುಗಳು ನೇತಾಡುವ ಆ ಇಕ್ಕಟ್ಟಿನಲ್ಲಿ ಸೊಸೆಯ ಕಣ್ಣು ಅರಳಿತು.

ಎರಡು ಚಕ್ರಗಳ ನಡುವೆ, ಆಕ್ಸಲಿನ ಮಧ್ಯೆ, ಗಡಿಗೆಯಂತೆ ಉಬ್ಬಿರುವುದೇ ಡಿಫರೆನ್ಶಿಯಲ್. ಒಳಗೆ ದೊಡ್ಡ ಗೇರೊಂದು ಎಣ್ಣೆಯಲ್ಲಿ ಅದ್ದಿಕೊಂಡೇ ತಿರುಗಿ, ಎಂಜಿನ್ನಿನ ಬಲವನ್ನು ಎರಡೂ ಚಕ್ರಕ್ಕೆ ಹಂಚುತ್ತದೆ. ಆ ಗಡಿಗೆಯ ಬಾಯಿಗೆ ಬೋಲ್ಟು ಬಿಗಿದು ಕೂರಿಸಿದ್ದು ಈ ಮುಚ್ಚಳ. ಕಪ್ಪೆಗೆ ಅಂಥವು ಮುಂದೊಂದು, ಹಿಂದೊಂದು. ಗಾಡಿಯೊಂದಿಗೆ ಬಂದಿದ್ದವು ತೆಳು ತಗಡಿನವು. ಬಂಡೆ ಹಿಂದಿನದನ್ನು ಒಳಕ್ಕೆ ಅದುಮಿ ಗೇರಿಗೇ ತಾಗಿಸಿತ್ತು.

ಗ್ರೀಸ್ ಮಾಮ ಕೌಂಟರ್ ಮೇಲೆ ಎರಡು ಮುಚ್ಚಳ ಇಟ್ಟರು. ಒಂದು ಅಲ್ಯೂಮಿನಿಯಂ, ಬೆಳ್ಳಿಯಂತೆ ಫಳಫಳ, ಮೈತುಂಬ ಸಾಲು ಸಾಲು ಏಣು. ಇನ್ನೊಂದು ಎರಕದ ಕಬ್ಬಿಣ. ಕಪ್ಪಗೆ, ದಪ್ಪಗೆ, ಇಟ್ಟ ಏಟಿಗೆ ಕೌಂಟರಿನ ಗಾಜು ನಡುಗಿತು.

"ಇದೇ! ಎಷ್ಟು ಚೆಂದ ಇದೆ ನೋಡಿ ಅತ್ತೆ! ಎಣ್ಣೆ ಬೇಗ ತಣ್ಣಗಾಗುತ್ತೆ," ಸೊಸೆ ಬೆಳ್ಳಿಯದನ್ನು ಎದೆಗಪ್ಪಿಕೊಂಡಳು.

"ಚೆಂದ ಕಟ್ಕೊಂಡು ಏನ್ ಮಾಡ್ತೀಯ? ಅದರ ಮುಖ ನೋಡೋದು ಕಲ್ಲುಗಳು ಮಾತ್ರ."

ಗ್ರೀಸ್ ಮಾಮ ನಕ್ಕರು. "ದೂರ ದೂರಕ್ಕೆ ಭಾರ ಎಳೆಯೋ ಗಾಡಿಗಾದ್ರೆ ಇದು ಸರಿ ಡಾಕ್ಟ್ರೇ. ನೀವು ಕಲ್ಲಿಗೆ ಗುದ್ದೋರು. ಈ ಏಣು ಮುರಿದು ಉದುರುತ್ತೆ."

ಸೊಸೆ ಎರಡನ್ನೂ ಬೆರಳಿಂದ ತಟ್ಟಿದಳು. "ಒಂದು ನಗೋ ಹಲ್ಲು, ಒಂದು ದವಡೆ ಹಲ್ಲು. ಹೋಗ್ಲಿ, ಅಗಿಯೋಕೆ ದವಡೆ ಹಲ್ಲೇ ಬೇಕು. ಹಿಂದಕ್ಕೆ ಕಬ್ಬಿಣ ಕೊಡಿ."

"ಹಿಂದಕ್ಕೆ ಮಾತ್ರ ಯಾಕೆ? ಜೋಡೀನೇ ಕೊಡಿ," ಎಂದರು ಅತ್ತೆ, ಗೆದ್ದ ಖುಷಿಯಲ್ಲಿ.

"ಮುಂದೆ ಬೇಡ ಅತ್ತೆ. ಮುಚ್ಚಳದ ಎದುರಿಗೇ ಸ್ಟೇರಿಂಗ್ ಸರಳು ಅಡ್ಡ ಹೋಗಿದೆ. ಇಷ್ಟು ದಪ್ಪದ್ದು ಕೂರಿಸಿದ್ರೆ ತಾಗಬಹುದು."

"ತಾಗಲ್ಲ."

"ತಾಗುತ್ತೆ."

ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತಾಯಿತು. ಕೊನೆಗೆ ಗ್ರೀಸ್ ಮಾಮನೇ, "ಒಂದು ಈಗ ತಗೊಂಡ್ ಹೋಗಿ. ಮುಂದಿಂದಕ್ಕೆ ಜಾಗ ಅಳೆದುಕೊಂಡು ಬನ್ನಿ," ಎಂದು ಇಬ್ಬರನ್ನೂ ಹೊರಡಿಸಿದರು.

ಅಳೆಯುವುದು ಹೇಗೆ? ಆ ಸಂದಿಗೆ ಸ್ಕೇಲು ಹೋಗುವುದಿಲ್ಲ, ಕೈಯೂ ಸರಿಯಾಗಿ ಹೋಗುವುದಿಲ್ಲ. ಸೊಸೆಗೆ ಥಟ್ಟನೆ ಹೊಳೆಯಿತು. ಹಲ್ಲಿನ ಅಚ್ಚು ತೆಗೆಯಲು ಬಳಸುವ ಗುಲಾಬಿ ಬಣ್ಣದ ಮುದ್ದೆಯನ್ನು ಕ್ಲಿನಿಕ್ಕಿನಿಂದ ತಂದಳು. ನಾದಿ, ಮುಂದಿನ ಹಳೆಯ ಮುಚ್ಚಳದ ಹೊಟ್ಟೆಗೆ ಮೆತ್ತಿದಳು.

"ಬೇಗ, ಬೇಗ! ಇದು ಗಟ್ಟಿಯಾಗೋದ್ರೊಳಗೆ ಸ್ಟೇರಿಂಗ್ ತಿರುಗಿಸ್ರೀ!"

ಒಳಗೆ ಕುಳಿತಿದ್ದ ಮಗ ಸ್ಟೇರಿಂಗನ್ನು ಆ ಕಡೆಗೆ ಪೂರ್ತಿ, ಈ ಕಡೆಗೆ ಪೂರ್ತಿ ತಿರುಗಿಸಿದ. "ಅಮ್ಮಾ, ನಿಂತ ಗಾಡೀಲೂ ತಲೆ ಸುತ್ತುತ್ತೆ!"

"ಬಾಯಿ ಮುಚ್ಕೊಂಡು ತಿರುಗಿಸೋ!"

ಸರಳು ಬಂದು ಮುದ್ದೆಯನ್ನು ಅದುಮಿತು. ಗಟ್ಟಿಯಾದ ಮೇಲೆ ಬಿಡಿಸಿ ತೆಗೆದರೆ, ಸರಳು ಒತ್ತಿದ ಕಡೆ ಕಿರುಬೆರಳಿನಷ್ಟು ದಪ್ಪ ಉಳಿದಿತ್ತು. ಅಂದರೆ ಇರುವ ಜಾಗ ಅಷ್ಟೇ. ಅತ್ತೆ ಕನ್ನಡಕ ಏರಿಸಿ, ಹೊಸ ಕಬ್ಬಿಣದ ಮುಚ್ಚಳದ ಪಕ್ಕ ಹಳೆಯದನ್ನು ಹಿಡಿದು ನೋಡಿದರು. ಕಬ್ಬಿಣದ ಹೊಟ್ಟೆ ಹೆಬ್ಬೆರಳಿನಷ್ಟು ಹೆಚ್ಚು ಉಬ್ಬಿತ್ತು. ಅವರ ಮುಖ ಗಂಭೀರವಾಯಿತು.

"ಗುಡ್ಡದ ಮೇಲೆ ತಿರುಗಿಸುವಾಗ ಸ್ಟೇರಿಂಗ್ ಸಿಕ್ಕಿಹಾಕಿಕೊಂಡಿದ್ರೆ?" ಎಂದವರೇ ಸೊಸೆಯ ಬೆನ್ನಿಗೆ ಪಟಾರನೆ ಬಾರಿಸಿದರು. "ಭಲೇ! ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕು. ನಡಿ, ಹೊಟ್ಟೆ ಇಲ್ಲದ್ದು ಹುಡುಕೋಣ."

ಗ್ರೀಸ್ ಮಾಮ ಅಟ್ಟ ತಡಕಿ ಮೂರನೆಯದೊಂದನ್ನು ಇಳಿಸಿದರು: ದಪ್ಪ ಉಕ್ಕಿನ ಹಲಗೆ ಬಗ್ಗಿಸಿ ಬೆಸೆದದ್ದು, ಚಪ್ಪಟೆ ಮುಖ, ಒರಟು ಅಂಚು. ಗುಲಾಬಿ ಅಚ್ಚನ್ನು ಪಕ್ಕಕ್ಕಿಟ್ಟು ನೋಡಿದರು. ಉಬ್ಬು ಕಡಿಮೆ, ಸರಳು ಆಡಲು ಜಾಗ ಉಳಿಯುತ್ತಿತ್ತು. ಅತ್ತೆ ಸೊಸೆ ಇಬ್ಬರೂ ಒಟ್ಟಿಗೇ "ಇದೇ!" ಎಂದು ಕಿರುಚಿದ ರಭಸಕ್ಕೆ ಪಕ್ಕದ ಅಂಗಡಿಯವರು ಏನಾಯಿತೋ ಎಂದು ಓಡಿಬಂದರು.

ಜೋಡಿಸುವ ಕೆಲಸಕ್ಕೆ ಮನೆಯವರೆಲ್ಲ ಸೇರಿದರು. ಎಣ್ಣೆ ಸೋರದಂತೆ ಅಂಚಿಗೆ ಅಂಟಿಸಿದ್ದ ಹಳೆಯ ಗ್ಯಾಸ್ಕೆಟನ್ನು ಅತ್ತೆ ತುಣುಕೂ ಬಿಡದೆ ಕೆರೆದರು. ಸೊಸೆ ಒಳಗಿನ ಗೇರಿನ ಹಲ್ಲುಗಳನ್ನು ತನ್ನ ಪುಟ್ಟ ಕನ್ನಡಿ ಹಿಡಿದು ಒಂದೊಂದಾಗಿ ಪರೀಕ್ಷಿಸಿ, "ಹುಳುಕಿಲ್ಲ," ಎಂದು ಘೋಷಿಸಿದಳು. ಸೀಲೆಂಟ್ ಅಂಟು ಬಳಿದು, ಹಿಂದಕ್ಕೆ ಕಬ್ಬಿಣದ, ಮುಂದಕ್ಕೆ ಉಕ್ಕಿನ ಮುಚ್ಚಳ ಕೂರಿಸಿ, ಎದುರುಬದುರು ಬೋಲ್ಟುಗಳನ್ನು ಸ್ವಲ್ಪ ಸ್ವಲ್ಪವೇ ಬಿಗಿದರು. ಮಗ ಹೊಸ ಎಣ್ಣೆ ತುಂಬಿಸಿದ. ಅರ್ಧ ಡಿಫರೆನ್ಶಿಯಲ್ಲಿಗೆ, ಅರ್ಧ ತನ್ನ ಪ್ಯಾಂಟಿಗೆ.

ಭಾನುವಾರ ಗುಡ್ಡದ ಬುಡದಲ್ಲಿ ಜನವೋ ಜನ. ಮೊದಲು ಹೋದ ಗಾಡಿಗಳಲ್ಲಿ ಕೆಲವು ಅರ್ಧಕ್ಕೇ ನಿಂತು ಹಗ್ಗ ಕಟ್ಟಿಸಿಕೊಂಡು ಇಳಿದಿದ್ದವು. ಕಪ್ಪೆಯ ಸರದಿ ಬಂತು.

"ಬಲಕ್ಕೆ! ಇನ್ನೂ ಬಲಕ್ಕೆ! ನಿಲ್ಲು! ಈಗ ನಿಧಾನಕ್ಕೆ!" ಅತ್ತೆಯ ಕೂಗು ಗುಡ್ಡಕ್ಕೆಲ್ಲ ಕೇಳುತ್ತಿತ್ತು. ಎರಡು ಬಂಡೆಗಳ ನಡುವೆ ಸೊಸೆ ಸ್ಟೇರಿಂಗನ್ನು ಪೂರ್ತಿ ತಿರುಗಿಸಿದಳು. ಎಲ್ಲೂ ತಾಗಲಿಲ್ಲ. ಕಪ್ಪೆ ಮೂತಿ ಎತ್ತಿ ಏರಿತು. ಅಷ್ಟರಲ್ಲಿ ಹಿಂದಿನ ಚಕ್ರ ಜಾರಿ, ಇಡೀ ಗಾಡಿ ಒಂದು ಚೂಪುಗಲ್ಲಿನ ಮೇಲೆ ಕುಕ್ಕರಿಸಿತು.

ಢಣ್!

ಸೊಸೆ ಬ್ರೇಕು ಒತ್ತಿ ಹಿಡಿದಳು. ಅತ್ತೆ ಅಂಗಾತ ಮಲಗಿ ಗಾಡಿಯಡಿ ಕೈ ಚಾಚಿ, ಮುಚ್ಚಳದ ಅಂಚು ಪೂರ್ತಿ ಸವರಿದರು. ಬೆರಳನ್ನು ಬೆಳಕಿಗೆ ಹಿಡಿದರು.

"ಒಣಗಿದೆ!" ಎಂದು ಕೂಗಿದರು. "ಒಂದ್ ತೊಟ್ಟೂ ಇಲ್ಲ ಕಣೇ! ಕಲ್ಲೇ ಮುಕ್ಕಾಗಿದೆ! ಒತ್ತು ಆಕ್ಸಿಲರೇಟರು!"

ಸೊಸೆ ಒತ್ತಿದಳು. ಕಪ್ಪೆ ಕಲ್ಲನ್ನು ಕೆರೆಯುತ್ತ, ಕುಂಟುತ್ತ, ಕೊನೆಗೊಂದು ನೆಗೆತಕ್ಕೆ ನೆತ್ತಿ ತಲುಪಿತು. ಕೆಳಗಿನಿಂದ ಚಪ್ಪಾಳೆ, ಸಿಳ್ಳೆ. ಬಹುಮಾನ ಇನ್ಯಾರದೋ ಪಾಲಾಯಿತು. ಅವರು ಇನ್ನೂ ಬೇಗ ಹತ್ತಿದ್ದರು. ಆದರೆ ಸೊಸೆಗೆ ಅದರ ಪರಿವೆಯೇ ಇರಲಿಲ್ಲ. ಜೀಪಿನಿಂದ ಹಾರಿ, ಏದುಸಿರು ಬಿಡುತ್ತ ಹತ್ತಿಬಂದ ಅತ್ತೆಯನ್ನು ಮೈಗೆ ಮೆತ್ತಿದ ಮಣ್ಣಿನ ಸಮೇತ ತಬ್ಬಿಕೊಂಡಳು.

"ಸರಿ ಸರಿ, ಬಿಡು," ಎಂದ ಅತ್ತೆ ಕೈ ಚಾಚಿದರು. "ಕೀ ಕೊಡು."

"ಯಾಕೆ?"

"ಇಳಿಸೋದು ನಾನು. ನೀನು ಮುಂದೆ ನಡೆದು ಕೂಗು, ನೋಡೋಣ."

ಸೊಸೆ ಬಿದ್ದು ಬಿದ್ದು ನಕ್ಕಳು. "ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅಂತ ಸುಮ್ನೆ ಹೇಳಿಲ್ಲ!" ಎನ್ನುತ್ತ ಕೀ ಕೊಟ್ಟು, ಬಂಡೆಯಿಂದ ಬಂಡೆಗೆ ಹಾರುತ್ತ "ಎಡಕ್ಕೆ ಅತ್ತೆ, ಎಡಕ್ಕೆ!" ಎಂದು ಗಂಟಲು ಹರಿಯುವಂತೆ ಕೂಗತೊಡಗಿದಳು.