ಪೆಟ್ರೋಲ್ ಮುಚ್ಚಳದ ತೂತು

ನಾನು ಎರಡೇ ಸೀಟಿನ ಕೆಂಪು ಸ್ಪೋರ್ಟ್ಸ್ ಕಾರು. ಹುಟ್ಟಿದ್ದು ಇಂಗ್ಲೆಂಡಿನ ಕಾರ್ಖಾನೆಯಲ್ಲಿ, ಬಾಳಿದ್ದು ಮೈಸೂರಿನಲ್ಲಿ. ಹಡಗಿನಲ್ಲಿ ತರಿಸಿಕೊಂಡ ಡಾಕ್ಟರು ತೀರಿಕೊಂಡ ಮೇಲೆ ಪ್ರೊಫೆಸರ್ ನಂಜರಾಜಯ್ಯ ನನ್ನನ್ನು ಕೊಂಡರು. ಯಜಮಾನರು ಬದಲಾದರೂ ಮೆಕ್ಯಾನಿಕ್ ಬದಲಾಗಲಿಲ್ಲ. ಮಂಡಿ ಮೊಹಲ್ಲಾದ ದಸ್ತಗೀರ್ ಸಾಹೇಬರು ಎಂಜಿನ್ನಿನ ಸದ್ದು ಕೇಳಿಯೇ ಅದರ ಆರೋಗ್ಯ ಹೇಳುತ್ತಿದ್ದರು. ಮೂವತ್ತು ವರ್ಷದಲ್ಲಿ ಅವರ ಮಾತು ಒಮ್ಮೆಯೂ ಸುಳ್ಳಾಗಿರಲಿಲ್ಲ.

ಪ್ರೊಫೆಸರಿಗೆ ಓದು ಜಾಸ್ತಿ, ಸುಮ್ಮನೆ ಕೂರುವ ಅಭ್ಯಾಸ ಕಡಿಮೆ. ಒಂದು ಭಾನುವಾರ ನನ್ನನ್ನು ಒರೆಸುತ್ತಿದ್ದಾಗ ಪೆಟ್ರೋಲ್ ಟ್ಯಾಂಕಿನ ಮುಚ್ಚಳದಲ್ಲಿ ಸೂಜಿಮೊನೆಯಷ್ಟು ತೂತು ಕಂಡಿತು.

"ನೋಡೇ ಕಮಲಾಕ್ಷಿ, ಇದ್ರಲ್ಲೇ ಪೆಟ್ರೋಲೆಲ್ಲ ಆವಿಯಾಗಿ ಹೋಗ್ತಿರೋದು!" ಎಂದು ಹೆಂಡತಿಗೆ ತೋರಿಸಿ, ಬೆಸುಗೆ ಹಾಕಿ ಮುಚ್ಚಿಯೇಬಿಟ್ಟರು.

ಅಯ್ಯಾ ಪುಣ್ಯಾತ್ಮ, ಅದು ಟ್ಯಾಂಕಿಗೆ ಗಾಳಿ ಹೋಗಲೆಂದೇ ಇಟ್ಟ ತೂತು! ಗಾಳಿ ಒಳಗೆ ಹೋಗದಿದ್ದರೆ ಪೆಟ್ರೋಲ್ ಹೊರಗೆ ಬರುವುದಾದರೂ ಹೇಗೆ?

ಅಂದಿನಿಂದ ಶುರುವಾಯಿತು ನನ್ನ ಗೋಳು. ನಾಲ್ಕು ಮೈಲಿ ಓಡಿ ಉಸಿರುಕಟ್ಟಿ ನಿಲ್ಲುತ್ತಿದ್ದೆ. ಜನ ಸೇರಿ ಬಾನೆಟ್ ಎತ್ತಿ ಏನೇನೋ ತಟ್ಟುತ್ತಿದ್ದರು. ಕೊನೆಗೆ ಯಾರಾದರೂ ಪೆಟ್ರೋಲ್ ಇದೆಯೇ ಎಂದು ಮುಚ್ಚಳ ತೆಗೆದರೆ ಬುಸ್ಸೆಂದು ಗಾಳಿ ನುಗ್ಗುತ್ತಿತ್ತು, ಮತ್ತೆ ಓಡುತ್ತಿದ್ದೆ. ತಟ್ಟಿದ್ದರಿಂದಲೇ ಸರಿಹೋಯಿತೆಂದು ಎಲ್ಲರ ತೀರ್ಮಾನ. ಪ್ಲಗ್ಗುಗಳು ಬದಲಾದವು, ಕಾರ್ಬ್ಯುರೇಟರನ್ನು ಮೂರು ಸಲ ಬಿಚ್ಚಿದರು. ಹಿಂದಕ್ಕೆ ಬಂದು ಸರಿಯಾಗಿ ನೋಡಿದವರು ಒಬ್ಬರೂ ಇಲ್ಲ. ನನಗೆ ಬಾಯಿಲ್ಲ, ಇರುವ ಹಾರ್ನನ್ನೂ ಅವರೇ ಒತ್ತಬೇಕು. ಸಿಟ್ಟಿಗೆ ಮೈಯೆಲ್ಲ ಉರಿಯುತ್ತಿತ್ತು.

"ಎಂಜಿನ್ನೇ ಬದಲಾಯಿಸಿಬಿಡಿ" ಎಂದರು ಪ್ರೊಫೆಸರು.

"ಬೇಡ ಸಾರ್, ಎಂಜಿನ್ ಚೆನ್ನಾಗೈತೆ. ನನ್ ಕಿವಿ ಹೇಳ್ತೈತೆ" ಎಂದರು ದಸ್ತಗೀರ್.

"ಮತ್ಯಾಕೆ ನಿಂತೋಗುತ್ತೆ, ಹೇಳಿ ನೋಡೋಣ?"

ದಸ್ತಗೀರ್ ಸ್ಪ್ಯಾನರ್ ಕೈಗೆತ್ತಿಕೊಂಡರು.

ಬಾನೆಟ್ ಕಳಚಿದರು. ರೇಡಿಯೇಟರ್, ಪೈಪು, ವೈರುಗಳನ್ನೆಲ್ಲ ಬಿಡಿಸಿ ಎಂಜಿನ್ನಿಗೆ ಸರಪಳಿ ಸುತ್ತಿ ಎಳೆದರು. ಜಪ್ಪಯ್ಯ ಎಂದರೂ ಅದು ಅಲುಗಲಿಲ್ಲ. ಗೇರ್‌ಬಾಕ್ಸಿನ ಹತ್ತಿರ ಒಂದು ಬೋಲ್ಟ್ ಉಳಿದುಹೋಗಿತ್ತು. ಅದನ್ನೂ ಬಿಚ್ಚಿ ಎತ್ತಿದಾಗ ಭಾರವಿಳಿದು ನನ್ನ ಮುಂಭಾಗ ಮೇಲೆದ್ದಿತು. ಅತ್ತುಬಿಡಬೇಕು ಅನ್ನಿಸಿತು. ದಸ್ತಗೀರ್ ಅದನ್ನು ಗ್ಯಾರೇಜಿನ ಮೂಲೆಯಲ್ಲಿ ಇಳಿಸಿ, ಒರೆಸಿ, ಗೋಣಿಚೀಲ ಹೊದಿಸಿದರು. ನನ್ನೊಳಗೆ ಯಾವುದೋ ಟ್ಯಾಕ್ಸಿಯ ಎಂಜಿನ್ ಬಂದು ಕೂತಿತು. ಅದರ ನಡುಕಕ್ಕೆ ನನ್ನ ಕನ್ನಡಿಗಳು ಗಡಗಡ ಎನ್ನುತ್ತಿದ್ದವು.

ಮೊದಲ ಸವಾರಿ ಚಾಮುಂಡಿ ಬೆಟ್ಟಕ್ಕೆ. ಅರ್ಧ ದಾರಿಯಲ್ಲಿ ಹೊಸ ಎಂಜಿನ್ನೂ ನಿಂತಿತು. ಅಲ್ಲಿ ಜನರಿರಲಿಲ್ಲ, ಗಲಾಟೆಯಿರಲಿಲ್ಲ. ಕಮಲಾಕ್ಷಮ್ಮ ಇಳಿದು ಮುಚ್ಚಳ ತಿರುಗಿಸಿದರು.

"ರೀ, ಇದೇನ್ರೀ ಬುಸ್ಸಂತ ಗಾಳಿ ಎಳ್ಕೊಳ್ತು? ನೀವು ಮುಚ್ಚಿದ್ರಲ್ಲ, ಆ ತೂತು ಗಾಳಿಗೇ ಇಟ್ಟಿದ್ದೇನೋ!"

ಪ್ರೊಫೆಸರ್ ಮುಖ ಬಿಳಿಚಿಕೊಂಡಿತು. ಮನೆಗೆ ಬಂದವರೇ ಬೆಸುಗೆ ಕಿತ್ತರು. ಆಮೇಲೆ ನಾನು ಎಲ್ಲಿಯೂ ನಿಲ್ಲಲಿಲ್ಲ.

"ದಸ್ತಗೀರ್ ಸಾಬ್ರಿಗೆ ಹೇಳ್ಬಿಡಿ. ಹಳೇ ಎಂಜಿನ್ ಇನ್ನೂ ಅಲ್ಲೇ ಇದ್ಯಲ್ಲ" ಎಂದರು ಆಕೆ.

"ಹೇಳ್ತೀನಿ ಬಿಡೇ" ಎಂದರು ಇವರು. ಹೇಳಲಿಲ್ಲ.

ವಾರ ಕಳೆದು ದಸ್ತಗೀರ್ ತಾವೇ ಬಂದರು, ಹಳೆಯ ಎಂಜಿನ್ನನ್ನು ಗುಜರಿಗೆ ಹಾಕಲೇ ಎಂದು ಕೇಳಲು. ಕಮಲಾಕ್ಷಮ್ಮ ಕಾಫಿ ತರಲು ಒಳಗೆ ಹೋಗಿದ್ದರು. ಆತ ನನ್ನ ಬಾನೆಟ್ಟಿನ ಮೇಲೆ ಕೈಯಿಟ್ಟು ನಿಂತರು.

"ಗಾಡಿ ಈಗ ನಿಲ್ತಾ ಇಲ್ಲಂತಲ್ಲ ಸಾರ್. ಅಂದ್ರೆ ಎಂಜಿನ್ನೇ ಕೆಟ್ಟಿತ್ತು. ನನ್ ಕಿವಿ ಹೋಯ್ತು. ಇನ್ನು ಗ್ಯಾರೇಜ್ ಬಾಗ್ಲು ಹಾಕ್ಬಿಡ್ತೀನಿ."

ಹೇಳಿ ಪ್ರೊಫೆಸರೇ, ಈಗಲಾದರೂ ಹೇಳಿ!

ಅವರು ಬಾಯಿ ತೆರೆದರು. ನನ್ನ ಕಡೆ ನೋಡಿದರು, ನೆಲ ನೋಡಿದರು.

"ವಯಸ್ಸಾಯ್ತಲ್ಲ ಸಾಬ್ರೇ" ಎಂದರು.

ಗ್ಯಾರೇಜ್ ಮುಚ್ಚಿತು. ಎಂಜಿನ್ ಗುಜರಿಯ ಸುತ್ತಿಗೆಗೆ ಹೋಯಿತು. ಈಗ ನಾನೂ ಮುದುಕ, ಟೈರಿನ ಗಾಳಿಯಿಳಿದು ಶೆಡ್ಡಿನಲ್ಲಿ ಕೂತಿದ್ದೇನೆ. ಎಂಜಿನ್ ಹೋದದ್ದಕ್ಕೆ ಹೇಗೋ ಸಮಾಧಾನ ಮಾಡಿಕೊಂಡೆ. ಆದರೆ ಆ ಮನುಷ್ಯ ತನ್ನ ಕಿವಿಯದೇ ತಪ್ಪೆಂದು ನಂಬಿಕೊಂಡೇ ಕಣ್ಣು ಮುಚ್ಚಿದರಲ್ಲ, ಅದನ್ನು ಇವತ್ತಿಗೂ ಸಹಿಸಲಾಗುವುದಿಲ್ಲ.

ದಸ್ತಗೀರ್ ಸಾಹೇಬರೇ, ನಿಮ್ಮ ಕಿವಿ ಸರಿಯಾಗಿಯೇ ಇತ್ತು.