ಏಳು ಹೂವಿನ ಮುಲಾಮು

ಮದುವೆಗೆ ಇನ್ನೆರಡೇ ದಿನ. ಜೂನ್ ತಿಂಗಳ ಬಿಸಿಲು ಬೆಳಗಿನಿಂದ ಸರೋವರದ ಮೇಲೆ ಸುರಿಯುತ್ತಿತ್ತು. ಮನೆಯವರೆಲ್ಲ ತೋಳಿಲ್ಲದ ಬಟ್ಟೆಯಲ್ಲಿದ್ದರೆ ವಿಲ್ಯಾ ಒಬ್ಬಳೇ ಉದ್ದ ತೋಳಿನ ಅಂಗಿ ಹಾಕಿಕೊಂಡು ಓಡಾಡುತ್ತಿದ್ದಳು. ಗೆಳತಿ ರೋನ್ಯಾ ಬಸ್ಸಿಳಿದು ಬಂದವಳೇ ಕೇಳಿದಳು.

"ಏನೇ, ಮದುವಣಗಿತ್ತಿಗೆ ಚಳಿಜ್ವರವಾ?"

ವಿಲ್ಯಾ ಅವಳನ್ನು ಸೌದೆ ಕೊಟ್ಟಿಗೆಯ ಹಿಂದಕ್ಕೆ ಎಳೆದುಕೊಂಡು ಹೋಗಿ ಎಡತೋಳು ಮೇಲೇರಿಸಿದಳು. ಮೊಣಕೈಯ ಒಳಮಗ್ಗುಲಲ್ಲಿ ನಾಣ್ಯದಗಲದ ಕೆಂಪು ಮಚ್ಚೆ. ಅದರ ಅಂಚಿನಲ್ಲಿ ಸಣ್ಣ ಗುಳ್ಳೆಗಳು.

"ಚಿಕ್ಕಮ್ಮನ ಮುಲಾಮು. ವಾಸನೆ ನೋಡು ಅಂತ ಭಾನುವಾರ ಒಂಚೂರು ಕೊಟ್ಟಿದ್ಲು. ಸೋಮವಾರ ಇಲ್ಲಿ ಹಚ್ಚಿದೆ. ನಿನ್ನೆಯಿಂದ ಹೀಗಾಗಿದೆ."

"ಇವತ್ತು ಸಂಜೆ ಅದನ್ನೇ ಅಲ್ವಾ ನಿನ್ನ ಮುಖಕ್ಕೆ ಹಚ್ಚೋದು?"

"ಅದನ್ನೇ."

"ಹೇಳಿದ್ಯಾ?"

"ಹೇಗೆ ಹೇಳ್ಲಿ? ಹದಿನೈದು ದಿನದಿಂದ ಅವಳ ಕಾಲು ನೆಲದ ಮೇಲಿಲ್ಲ."

ವಿಲ್ಯಾಗೆ ಚಿಕ್ಕಂದಿನಿಂದ ಇಸುಬು. ಚಳಿಗಾಲ ಬಂದರೆ ಕೆನ್ನೆ ಒಡೆದು ಕೆಂಪಾಗುತ್ತಿತ್ತು. ಒಮ್ಮೆ ಮುಚ್ಚಳದ ಮೇಲೆ ಹಸಿರೆಲೆಯ ಚಿತ್ರ, ದೊಡ್ಡಕ್ಷರದಲ್ಲಿ 'ನೈಸರ್ಗಿಕ' ಎಂಬ ಮಾತು ನೋಡಿ ಕ್ರೀಮೊಂದನ್ನು ತಂದಿದ್ದಳು. ಅದನ್ನು ಹಚ್ಚಿದ ಮೇಲೆ ಕಣ್ಣು ಮುಚ್ಚುವಷ್ಟು ಮುಖ ಊದಿಕೊಂಡಿತು. ಡಬ್ಬಿಯ ಹಿಂಬದಿಯಲ್ಲಿ, ಕೊನೆಯ ಸಾಲುಗಳಲ್ಲಿ, ನಾಲ್ಕೈದು ಸುಗಂಧ ತೈಲಗಳ ಹೆಸರಿದ್ದವು. ಅವೂ ಗಿಡದಿಂದ ಬಂದವೇ, ಸುಳ್ಳೇನೂ ಬರೆದಿರಲಿಲ್ಲ. ಅಂದಿನಿಂದ ಅವಳು ಡಬ್ಬಿಯ ಮುಂಬದಿ ನೋಡುವುದನ್ನೇ ಬಿಟ್ಟಳು. ಹಿಂದೆ ತಿರುಗಿಸಿ ಓದುವುದು, ಹೆಸರು ಕಡಿಮೆ ಇದ್ದದ್ದನ್ನು ಆರಿಸುವುದು, ಅದನ್ನೂ ಮೊದಲು ಮೊಣಕೈಗೆ ಹಚ್ಚಿ ಕೆಲವು ದಿನ ಕಾಯುವುದು ಅವಳ ಪದ್ಧತಿಯಾಯಿತು.

ಈ ಚಳಿಗಾಲದಲ್ಲಿ ಅವಳು ಮುಖಕ್ಕೆ ಹಚ್ಚಿದ್ದು ಒಂದೇ ವಸ್ತು. ಚಿಕ್ಕಮ್ಮ ಸಿಲ್ವಿ ತುಟಿಗೆಂದು ಮಾಡಿಕೊಡುತ್ತಿದ್ದ ಮುಲಾಮು. ಅದರಲ್ಲಿದ್ದದ್ದು ಕ್ಯಾನೋಲಾ ಎಣ್ಣೆ ಮತ್ತು ಸಿಲ್ವಿಯ ಪೆಟ್ಟಿಗೆಗಳಲ್ಲಿ ಸಾಕಿದ ಜೇನಿನ ಮೇಣ, ಇಷ್ಟೇ. ಮಾರ್ಚ್ ಹೊತ್ತಿಗೆ ಕೆನ್ನೆ ತಣ್ಣಗಾಯಿತು. ಇಪ್ಪತ್ತೊಂಬತ್ತು ವರ್ಷಗಳಲ್ಲಿ ಮೊದಲ ಬಾರಿಗೆ ವಿಲ್ಯಾ ಪೌಡರಿಲ್ಲದ ಮುಖದಲ್ಲಿ ಫೋಟೊ ತೆಗೆಸಿಕೊಂಡಳು. ಮದುವೆಯ ದಿನವೂ ಹಾಗೇ, ಬರಿಮುಖದಲ್ಲಿ ನಿಲ್ಲುತ್ತೇನೆ ಎಂದು ಮದುಮಗ ಒತ್ಸೊಗೆ ಹೇಳಿದ್ದಳು.

ಅದಕ್ಕೇ ಮದುವಣಗಿತ್ತಿಯ ಸೌನಾಕ್ಕೂ ಮುಲಾಮು ಮಾಡಿಕೊಡು ಎಂದು ಚಿಕ್ಕಮ್ಮನನ್ನು ಕೇಳಿದ್ದು. ಮದುವೆಗೆ ಮುಂಚೆ ಹೆಂಗಸರೆಲ್ಲ ಸೇರಿ ಹುಡುಗಿಯನ್ನು ಸೌನಾ ಎಂಬ ಹಬೆಕೋಣೆಯಲ್ಲಿ ಕೂರಿಸಿ, ಬರ್ಚ್ ಮರದ ಸೊಪ್ಪಿನ ಕಟ್ಟಿನಿಂದ ಬಡಿದು, ಉಪ್ಪು ತಿಕ್ಕಿ, ಮೀಯಿಸುತ್ತಾರೆ. ಕೊನೆಗೆ ಮುಖಕ್ಕೆ ಹಚ್ಚುವುದು ಈ ಮನೆಯಲ್ಲಿ ತಾಯಿಯ ತಂಗಿಯ ಕೆಲಸ. ಮಕ್ಕಳಿಲ್ಲದ ಸಿಲ್ವಿಗೆ, ಒಬ್ಬಳೇ ಅಕ್ಕನ ಒಬ್ಬಳೇ ಮಗಳು ವಿಲ್ಯಾ. ಈ ಕೆಲಸ ಅವಳ ಪಾಲಿಗೆ ಬರುವುದು ಇದೊಂದೇ ಸಲ. ಎರಡೇ ವಸ್ತುವಿನ ತುಟಿ ಮುಲಾಮನ್ನು ಮದುವಣಗಿತ್ತಿಗೆ ಹಚ್ಚಲು ಅವಳಿಗೆ ಮನಸ್ಸಾಗಲಿಲ್ಲ.

ಸಂಜೆ ಸೌನಾದಲ್ಲಿ ತೋಳಿನ ಅಂಗಿಯಾದರೂ ಎಲ್ಲಿಂದ ಬರಬೇಕು! ವಿಲ್ಯಾ ಮೇಲಿನ ಹಲಗೆಯ ಮೂಲೆಯಲ್ಲಿ ಎಡಗೈ ಮಡಿಚಿಕೊಂಡು ಕುಳಿತಳು. ತಾಯಿ ಐಲಾ ಸೌಟಿನಲ್ಲಿ ನೀರೆತ್ತಿ ಕಾದ ಕಲ್ಲುಗಳ ಮುಂದೆ ಸಿದ್ಧಳಾದಳು.

"ಹಳೇ ಪ್ರೀತಿಗಳ ಹೆಸರು ಒಂದೊಂದಾಗಿ ಕೂಗು. ಹಬೆ ಜೊತೆ ಹೊರಗೆ ಹೋಗ್ಲಿ."

"ವೇಯ್ಕೊ!" ವಿಲ್ಯಾ ಕೂಗಿದಳು. ಕಲ್ಲುಗಳು ಭುಸ್ ಎಂದವು.

"ಯಾನ್ನೆ!"

"ಯಾನ್ನೆನಾ?" ಐಲಾಳ ಸೌಟು ಗಾಳಿಯಲ್ಲೇ ನಿಂತಿತು. "ಆ ಅಂಚೆ ಹುಡುಗ? ನಂಗ್ಯಾರೂ ಹೇಳ್ಲೇ ಇಲ್ಲ!"

"ನೀರು ಹಾಕಮ್ಮ ಬೇಗ!"

"ಇನ್ನೂ ಇದ್ದಾರೆ ಆಂಟಿ, ಬಕೆಟ್ಟೇ ಎತ್ಕೊಳ್ಳಿ," ಎಂದಳು ರೋನ್ಯಾ. ನಾಲ್ವರೂ ಹಲಗೆ ಅಲುಗುವಷ್ಟು ನಕ್ಕರು. ಸೊಪ್ಪಿನ ಕಟ್ಟು ಬೆನ್ನಿಗೆ ಬೀಳತೊಡಗಿತು. ಒದ್ದೆ ಎಲೆಯ ಪರಿಮಳ ಸೌನಾ ತುಂಬಿತು. ವಿಲ್ಯಾ ಒಂದು ಗಳಿಗೆ ತನ್ನ ಮೊಣಕೈಯನ್ನು ಮರೆತಳು.

ಆಗ ಸಿಲ್ವಿ ಕೆಳಗಿನ ಹಲಗೆಯಿಂದ ಎದ್ದು ನಿಂತಳು. ಕೈಯಲ್ಲಿ ಗಾಜಿನ ಡಬ್ಬಿ. ಒಳಗಿನ ಮುಲಾಮು ಬೆಣ್ಣೆಗಿಂತ ಹಳದಿ.

"ಈಗ ನನ್ನ ಸರದಿ. ಎಲ್ಲರೂ ಸುಮ್ನಿರಿ. ಏಳು ಹೂವು, ಏಳು ಹುಲ್ಲುಗಾವಲಿಂದ. ಒಂದೊಂದನ್ನೂ ನಾನೇ ಕಿತ್ತಿದ್ದು."

ಬೇಸಿಗೆ ನಡುಹಬ್ಬದ ರಾತ್ರಿ ಮದುವೆಯಾಗದ ಹುಡುಗಿಯರು ಏಳು ಬಗೆಯ ಹೂ ಕಿತ್ತು ದಿಂಬಿನ ಕೆಳಗಿಟ್ಟುಕೊಂಡರೆ ಗಂಡನಾಗುವವನು ಕನಸಿನಲ್ಲಿ ಬರುತ್ತಾನೆ ಎನ್ನುತ್ತಾರೆ. ಸಿಲ್ವಿ ಆ ಏಳನ್ನೂ ಎಣ್ಣೆಗೆ ಹಾಕಿ ಬಿಸಿನೀರಿನ ಮೇಲಿಟ್ಟು ಸಾರ ಇಳಿಸಿದ್ದಳು.

"ಗಂಡ ಆಗ್ಲೇ ಸಿಕ್ಕಿದಾನಲ್ಲ, ಇನ್ಯಾಕೆ ಹೂವು?" ರೋನ್ಯಾ ಮಾತು ತೇಲಿಸಲು ನೋಡಿದಳು.

"ನಿಂಗೆ ಉಳಿದಿದ್ದು ಕೊಡ್ತೀನಿ, ಹೆದರ್ಬೇಡ." ಸಿಲ್ವಿ ಬೆರಳು ಅದ್ದಿದಳು. "ಮುಖ ಇತ್ತ ಮಾಡು ಮಗಳೇ."

ಬೆರಳು ಕೆನ್ನೆಯಿಂದ ಒಂದು ಗೇಣು ದೂರದಲ್ಲಿತ್ತು. ವಿಲ್ಯಾ ಚಿಕ್ಕಮ್ಮನ ಮುಖ ನೋಡಿದಳು. ಬೆವರು, ಹಬೆ, ಸಂತೋಷ ಎಲ್ಲ ಸೇರಿ ಅದು ಹೊಳೆಯುತ್ತಿತ್ತು. ಆಮೇಲೆ ಮಡಿಚಿದ ಕೈಯನ್ನು ನಿಧಾನವಾಗಿ ಬಿಡಿಸಿ ಮುಂದೆ ಚಾಚಿದಳು.

"ಚಿಕ್ಕಮ್ಮ, ಮೊದ್ಲು ಇದನ್ನ ನೋಡು."

ಬಿಸಿಗೆ ಮಚ್ಚೆ ಇನ್ನಷ್ಟು ಕೆರಳಿತ್ತು. ಸಿಲ್ವಿ ಬಗ್ಗಿ ನೋಡಿದಳು. ಯಾರೂ ನೀರು ಹಾಕಲಿಲ್ಲ.

"ನಂದಾ ಇದು?"

"ಹೂಂ."

"ಆಗೋಕೇ ಸಾಧ್ಯ ಇಲ್ಲ. ಅಂಗಡೀದು ಒಂದು ತೊಟ್ಟಿಲ್ಲ ಅದ್ರಲ್ಲಿ. ಎಲ್ಲಾ ಪ್ರಕೃತಿದು!"

"ತುರಿಕೆ ಸೊಪ್ಪೂ ಪ್ರಕೃತಿದೇ ಅಲ್ವಾ ಸಿಲ್ವಿ," ಎಂದಳು ಐಲಾ.

"ನೀನು ಸುಮ್ನಿರಕ್ಕ!" ಸಿಲ್ವಿ ಸಿಡುಕಿದಳು. ಎಣ್ಣೆ ಹತ್ತಿದ ಬೆರಳುಗಳನ್ನು ಒಂದೊಂದಾಗಿ ಮಡಿಚತೊಡಗಿದಳು. "ಕೆಂಪು ಕ್ಲೋವರ್. ಅದು ಯಾರಿಗೇನು ಮಾಡುತ್ತೆ? ಕಾಡುಗುಲಾಬಿ. ನೀಲಿ ಗಂಟೆಹೂವು. ಜೆರೇನಿಯಂ. ಕಾಡು ಪ್ಯಾನ್ಸಿ. ಬಿಳಿ ಡೇಸಿ. ಆಮೇಲೆ ಬಣ್ಣ ಬರ್ಲಿ ಅಂತ ಒಂದು ಬುಟ್ಟಿ ಬಟರ್‌ಕಪ್..."

ಸಿಲ್ವಿ ಹಲಗೆಯ ಮೇಲೆ ಕುಳಿತುಬಿಟ್ಟಳು.

"ಹಸುಗಳು," ಅಂದಳು.

"ಯಾವ ಹಸು?"

"ನಮ್ಮನೆ ಹಸುಗಳಕ್ಕ. ಹುಲ್ಲುಗಾವಲೆಲ್ಲಾ ಮೇಯ್ದು ಬಟರ್‌ಕಪ್ ಮಾತ್ರ ಹಾಗೇ ಬಿಡ್ತಿದ್ವಲ್ಲ. ಬಾಯಿ ಸುಡುತ್ತೆ ಅಂತ. ಹಸು ಮುಟ್ಟದ್ದನ್ನ ತಂದು ಮಗು ಮುಖಕ್ಕೆ ಹಚ್ಚೋಕೆ ಹೊರಟಿದ್ನಲ್ಲ ನಾನು!"

"ಬಟರ್‌ಕಪ್ಪೇ ಅಂತ ಹೇಳೋಕಾಗಲ್ಲ," ಎಂದಳು ವಿಲ್ಯಾ. "ಡೇಸಿನೂ ಕೆಲವರಿಗೆ ಆಗಲ್ಲ. ಏಳು ಒಟ್ಟಿಗೆ ಹಾಕಿದ್ರೆ ಯಾವುದು ಅಂತ ಹೇಗೆ ಗೊತ್ತಾಗುತ್ತೆ? ಚಿಕ್ಕಮ್ಮ, ನಿನ್ನ ತುಟಿ ಮುಲಾಮಿದ್ಯಲ್ಲ, ಅದನ್ನೇ ಹಚ್ಚು. ನಂಗೆ ಅದೇ ಬೇಕು."

"ಇರೋ ಒಂದು ಡಬ್ಬಿನ ನೀನೇ ಖಾಲಿ ಮಾಡಿದ್ಯಲ್ಲೇ."

"ಹಾಗಾದ್ರೆ ಮಾಡು."

"ಯಾವಾಗ?"

"ಈಗ. ಇಲ್ಲೇ."

ಸಿಲ್ವಿ ಒಲೆಯ ಪಕ್ಕದ ನೀರಿನ ತೊಟ್ಟಿಯತ್ತ ನೋಡಿದಳು. ನೀರು ಕುದಿಯುವ ಹಂತದಲ್ಲಿತ್ತು. ಜೇನುಮೇಣ ಕರಗಲು ಅಷ್ಟು ಬಿಸಿಯೂ ಬೇಡ. ಮರುಗಳಿಗೆ ಅವಳು ಟವೆಲ್ ಸುತ್ತಿಕೊಂಡು ಬಾಗಿಲು ದಾಟಿದ್ದಳು. ದಡದಲ್ಲಿ ಒತ್ಸೊ ಮತ್ತು ಅವನ ಸ್ನೇಹಿತರು ಹಬ್ಬದ ಬೆಂಕಿಗೆ ಕಟ್ಟಿಗೆ ಪೇರಿಸುತ್ತಿದ್ದರು.

"ಆ ಕಡೆ ತಿರುಗ್ರೋ ಎಲ್ಲಾ!" ಎಂಬ ಕೂಗು ಸೌನಾದೊಳಗೂ ಕೇಳಿಸಿತು.

ಅವಳು ಅದೇ ಓಟದಲ್ಲಿ ಹಿಂದಿರುಗಿದಳು. ಒಂದು ಕೈಯಲ್ಲಿ ಎಣ್ಣೆ ಬಾಟಲಿ, ಇನ್ನೊಂದರಲ್ಲಿ ಮೇಣದ ಗಟ್ಟಿ, ಹಲ್ಲಿನ ನಡುವೆ ಚಾಕು. ಒಂದು ಪಾಲು ಮೇಣ, ಐದು ಪಾಲು ಎಣ್ಣೆ. ರೋನ್ಯಾ ತಗಡಿನ ಲೋಟವನ್ನು ಬಿಸಿನೀರಿನಲ್ಲಿ ಹಿಡಿದು ಕೈ ಸುಟ್ಟುಕೊಂಡು ಬೈದಳು. ಮೇಣದ ಚೂರು ಅಂಚಿನಿಂದ ಕರಗುತ್ತಾ ಬಂದು, ಕೊನೆಗೆ ತಿಳಿಯಾದ ಹೊನ್ನಿನ ಬಣ್ಣದ ಎಣ್ಣೆಯಾಗಿ ಮಾಯವಾಯಿತು.

"ಕೆರೆಗೆ! ಕೆರೆಗೆ!" ಎಂದು ಐಲಾ ಕೂಗಿದಳು. ನಾಲ್ವರೂ ನೀರಿಗೆ ಚಾಚಿದ ಹಲಗೆಯ ಕಟ್ಟೆಯ ಮೇಲೆ ಓಡಿದರು. ಸಿಲ್ವಿ ಸೊಂಟದವರೆಗೆ ನೀರಿಗಿಳಿದು ಲೋಟದ ತಳವನ್ನು ತಣ್ಣೀರಿನಲ್ಲಿ ಮುಳುಗಿಸಿ, ತೊಳೆದ ಚಮಚೆಯಿಂದ ತಿರುವಿದಳು.

"ಗಟ್ಟಿಯಾಯ್ತಾ?"

"ತಾಳೇ!"

"ಈಗ?"

"ಬಾಯಿ ಮುಚ್ಚಿ, ಮುಖ ಕೊಡು."

ವಿಲ್ಯಾ ಕಣ್ಣು ಮುಚ್ಚಿದಳು. ಹಣೆ, ಕೆನ್ನೆ, ಮೂಗು, ಗಲ್ಲ. ಚಿಕ್ಕಮ್ಮನ ಬೆರಳು ಒರಟಾಗಿತ್ತು; ಮುಲಾಮು ಉಗುರುಬೆಚ್ಚಗಿತ್ತು. ಚಳಿಗಾಲವೆಲ್ಲ ಗುರುತಿದ್ದ ಅದೇ ಜೇನಿನ ವಾಸನೆ.

"ಎರಡೇ ಹೆಸರು," ಎಂದಳು ಸಿಲ್ವಿ. "ಮದುವೆಗೆ ತೀರಾ ಬಡತನ ಆಯ್ತೇನೋ."

"ಸೊಪ್ಪಿನ ಕಟ್ಟು ಎಸೀತೀನಿ, ಹಿಡ್ಕೊಳ್ಳಿ," ಎಂದು ವಿಲ್ಯಾ ಕಟ್ಟೆಯ ಮೇಲೆ ತಂದಿಟ್ಟಿದ್ದ ಅದನ್ನು ಭುಜದ ಮೇಲಿಂದ ಹಿಂದಕ್ಕೆ ಎಸೆದಳು. ಅದು ಯಾರಿಗೆ ಸಿಗುತ್ತದೋ ಅವಳೇ ಮುಂದಿನ ಮದುವಣಗಿತ್ತಿ; ಅದು ಹೋಗಿ ಐಲಾಳ ತಲೆಗೆ ಬಡಿಯಿತು.

"ಅಂಕಲ್‌ಗೆ ಹೇಳ್ತೀನಿ, ಮುಂದಿನ ಮದುವೆ ಆಂಟಿದೇ ಅಂತ!" ರೋನ್ಯಾ ನಗುತ್ತಾ ನೀರಿಗೆ ಬಿದ್ದಳು.

ಏಳು ಹೂವಿನ ಡಬ್ಬಿ ಸೌನಾದ ಕಿಟಕಿಯಲ್ಲಿ ಉಳಿಯಿತು. ಅದನ್ನು ಎಸೆಯಲು ಯಾರಿಗೂ ಮನಸ್ಸಿರಲಿಲ್ಲ. ಮಾರನೆಯ ದಿನ ಸಿಲ್ವಿ ರಬ್ಬರ್ ಕೈಗವಸು ಹಾಕಿಕೊಂಡು, ಹಳೇ ಬಟ್ಟೆಯ ತುಂಡಿನಲ್ಲಿ ಅದನ್ನು ತೆಗೆದುಕೊಂಡು ಒತ್ಸೊನ ಕರಿ ಶೂಗಳ ಮುಂದೆ ಕುಳಿತಳು. ಮೇಣವೂ ಎಣ್ಣೆಯೂ ಚರ್ಮಕ್ಕೆ ಒಳ್ಳೆಯದೇ, ಅದು ಶೂಗಳ ಚರ್ಮವಾದರೆ.

ಶನಿವಾರ ಚರ್ಚಿನ ಮೆಟ್ಟಿಲ ಮೇಲೆ ವಿಲ್ಯಾ ಬರಿಮುಖದಲ್ಲಿ ನಿಂತಿದ್ದಳು. ಮೊಣಕೈಯ ಮೇಲೊಂದು ಬಿಳಿ ರಿಬ್ಬನ್ ಕಟ್ಟಿತ್ತು. ಕೆನ್ನೆಯಲ್ಲಿ ಕೆಂಪಿತ್ತು, ನಿಜ. ಅದು ಓಡಿ ಬಂದದ್ದಕ್ಕೆ. ಫೋಟೊದವನು ಎಲ್ಲರೂ ಅಲುಗದೆ ನಿಲ್ಲಿ ಎಂದ. ಒತ್ಸೊ ಮಾತ್ರ ಒಂದು ಕಾಲು ಎತ್ತಿ, ಇನ್ನೊಂದು ಎತ್ತಿ, ಕುಣಿಯತೊಡಗಿದ. ದಪ್ಪನೆಯ ದುಂಬಿಯೊಂದು ಅವನ ಶೂಗಳನ್ನು ಬಿಟ್ಟು ಹೋಗಲು ಒಪ್ಪುತ್ತಲೇ ಇರಲಿಲ್ಲ.

"ನೋಡಿದ್ಯಾ," ಎಂದು ಸಿಲ್ವಿ ಅಕ್ಕನ ಪಕ್ಕೆ ತಿವಿದಳು. "ಮುಲಾಮು ಕೆಟ್ಟದ್ದೇನಲ್ಲ."