ಬಿಷಪರ ಒಳಕಿಸೆ

ಬಿಷಪರು ತಾವೇ ಟೈಲರ್ ಅಂಗಡಿಗೆ ಬಂದದ್ದೇ ಮೋಹನದಾಸರಿಗೆ ಸರಿ ಕಾಣಲಿಲ್ಲ. ಚರ್ಚಿನ ಬಿಳಿ ನಿಲುವಂಗಿಗಳನ್ನೆಲ್ಲ ಅರಬ್ ದೇಶದ ಈ ಖಾಲಿದಿಯಾ ಬಡಾವಣೆಯ ಅಂಗಡಿಯಲ್ಲೇ ಹೊಲಿಯುವುದು ನಿಜ. ಆದರೆ ಅದಕ್ಕೆ ಯಾವತ್ತೂ ಬರುತ್ತಿದ್ದದ್ದು ಚರ್ಚಿನ ಆಫೀಸಿನ ನ್ಯಾನ್ಸಿ. ಈಗ ನೋಡಿದರೆ ಬಿಷಪ್ ಕಾಸ್ಮಿರ್ ಲೋಬೊ ಒಬ್ಬರೇ ಬಂದಿದ್ದಾರೆ. ಕೊರಳಲ್ಲಿ ಶಿಲುಬೆಯಿಲ್ಲ, ಬೆರಳಲ್ಲಿ ಉಂಗುರವಿಲ್ಲ, ನಮ್ಮ ನಿಮ್ಮ ಹಾಗೆ ಪ್ಯಾಂಟು, ಚಪ್ಪಲಿ.

"ಒಂದು ಚೌಕಳಿ ಶರ್ಟು ಬೇಕಿತ್ತು ಮೋಹನದಾಸರೆ. ಸ್ವಲ್ಪ ಲೂಸ್ ಇರ್ಲಿ. ಎಡಗಡೆ ಕಂಕುಳ ಕೆಳಗೆ, ಒಳಗಿಂದ ಒಂದು ಕಿಸೆ. ಹೊರಗೆ ಗೊತ್ತೇ ಆಗ್ಬಾರ್ದು. ಮತ್ತೆ, ಅಳತೆ ಪುಸ್ತಕದಲ್ಲಿ ನನ್ನ ಹೆಸ್ರು ಬರಿಲಿಕ್ಕೆ ಬೇಡ."

ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದುಕೊಂಡರು ಮೋಹನದಾಸರು. ಈ ಮನುಷ್ಯ ಗಡಿಯಾಚೆ ಯುದ್ಧ ನಡೆಯುವ ಊರುಗಳಿಗೂ ಬಿಷಪ್ ಎಂದು ನ್ಯಾನ್ಸಿ ಹೇಳಿದ್ದಳು. ಅಂಥ ಊರಿಗೆ ಕಳ್ಳಕಿಸೆಯಲ್ಲಿ ಏನು ಹೋಗುತ್ತದೆ? ಪ್ರಸಾದವಂತೂ ಅಲ್ಲ. ಬಂಗಾರವೋ, ಇನ್ನೇನೋ. ಸಿಕ್ಕಿಬಿದ್ದರೆ ಅವರಿಗೆ ರೋಮ್ ಇದೆ, ಹೊಲಿದವನಿಗೆ ಯಾರಿದ್ದಾರೆ? ಇಪ್ಪತ್ತೆರಡು ವರ್ಷದ ವೀಸಾ ಒಂದೇ ದಿನಕ್ಕೆ ಖಲಾಸ್.

ಆಗುವುದಿಲ್ಲ ಎನ್ನುವ ಧೈರ್ಯವೂ ಇರಲಿಲ್ಲ. ಚರ್ಚಿನ ಕೆಲಸ ತಪ್ಪಿದರೆ ಅಂಗಡಿ ನಡೆಯದು. ಅದಕ್ಕೇ ಒಂದು ಜಾಣತನ ಮಾಡಿದರು. ಕಿಸೆಯನ್ನು ಕೈಯಲ್ಲಿ, ಜಗ್ಗಿದರೆ ಬಿಚ್ಚಿಬರುವಂಥ ಕಚ್ಚಾ ಹೊಲಿಗೆ ಹಾಕಿ ಬಿಟ್ಟರು. ನಾಳೆ ಯಾರಾದರೂ ಕೇಳಿದರೆ, ಇದು ಟೈಲರ್ ಹೊಲಿಗೆಯೇ ಅಲ್ಲ, ಮನೆಯಲ್ಲಿ ಯಾರೋ ಹಾಕಿಕೊಂಡದ್ದು ಎನ್ನಬಹುದಲ್ಲ.

ನಾಲ್ಕನೇ ದಿನ ಬಿಷಪರು ಬಂದು ಅಲ್ಲೇ ಶರ್ಟು ತೊಟ್ಟರು. ಕರವಸ್ತ್ರದ ಗಂಟು ಬಿಚ್ಚಿ, ಅದರಲ್ಲಿದ್ದ ಶಿಲುಬೆ, ಉಂಗುರಗಳನ್ನು ಕಿಸೆಗೆ ಇಳಿಸಿದರು.

"ಇಷ್ಟೇಯಾ?" ಮೋಹನದಾಸರ ಬಾಯಿಯಿಂದ ಬಂದೇಬಿಟ್ಟಿತು.

"ಇಷ್ಟೇ. ಅಲ್ಲಿ ನಾಲ್ಕು ಜನ ಸಿಸ್ಟರ್ಸ್ ಇದ್ದಾರೆ, ರೋಗಿಗಳನ್ನು ಬಿಟ್ಟು ಬರುವುದಿಲ್ಲ ಅಂತ ಕೂತಿದ್ದಾರೆ. ಮೂರು ವರ್ಷದಿಂದ ಒಬ್ಬ ಬಿಷಪನ ಮುಖ ಕಂಡಿಲ್ಲ. ಅವರೆದುರು ಬಿಷಪನ ಹಾಗೆಯೇ ನಿಲ್ಬೇಕು ಅಂತ ನನಗೆ ಆಸೆ. ದಾರಿಯಲ್ಲಿ ಐದು ಕಡೆ ಬಂದೂಕಿನವರು ತಡೀತಾರೆ. ಇದು ಕಂಡ್ರೆ ನನ್ನ ಜೀವ ಹೋದ್ರೆ ಹೋಗ್ಲಿ, ಕಾರು ಬಿಡುವ ಅಬ್ದುಲ್ಲನನ್ನೂ ಉಳಿಸ್ಲಿಕ್ಕಿಲ್ಲ. ಅವನಿಗೆ ಮೂರು ಮಕ್ಕಳು."

ಮೋಹನದಾಸರು ಕೈ ಚಾಚಿದರು.

"ಶರ್ಟು ತೆಗೀರಿ."

"ಫ್ಲೈಟಿಗೆ ತಡ ಆಗ್ತದೆ."

"ತೆಗೀರಿ ಮಾರಾಯ್ರೆ! ಆ ಕಿಸೆ ನಿಲ್ಲುದಿಲ್ಲ. ನಾನು ಬೇಕಂತಲೇ ಹಾಗೆ ಹೊಲಿದದ್ದು."

ಬಿಷಪರ ಕೈ ಕಿಸೆಯ ಮೇಲೆ ಹೋಯಿತು. ಬಾಗಿಲ ಕಡೆಗೊಮ್ಮೆ, ಮೋಹನದಾಸರ ಕಡೆಗೊಮ್ಮೆ ನೋಡಿದರು. ಆ ನೋಟ ಮೋಹನದಾಸರಿಗೆ ಚೆನ್ನಾಗಿ ಗೊತ್ತಿತ್ತು. ನಾಲ್ಕು ದಿನದಿಂದ ತಮ್ಮದೂ ಅದೇ ಅನುಮಾನದ ನೋಟವಾಗಿತ್ತು.

"ಯಾರು ಹೇಳಿದ್ರು ನಿಮಗೆ, ಹೀಗೆ ಮಾಡ್ಲಿಕ್ಕೆ?"

"ಯಾರೂ ಇಲ್ಲ. ನಿಮ್ಮನ್ನು ಕಳ್ಳ ಅಂತ ತಿಳ್ಕೊಂಡೆ. ಹೆದರಿದೆ."

ಬಿಷಪರು ಶಿಲುಬೆ, ಉಂಗುರ ತೆಗೆದಿಟ್ಟುಕೊಂಡು, ಶರ್ಟು ಕಳಚಿಕೊಟ್ಟು, ಬನಿಯನ್ನಿನಲ್ಲಿ ಸ್ಟೂಲಿನ ಮೇಲೆ ಕೂತರು. ಅವರ ಕಣ್ಣು ಮೋಹನದಾಸರ ಬೆರಳುಗಳನ್ನು ಬಿಟ್ಟು ಕದಲಲಿಲ್ಲ. ಮೆಷಿನ್ನಿನಲ್ಲಿ ಎರಡು ಸಾಲು ಹೊಲಿಗೆ ಬಿತ್ತು, ಅದರ ಮೇಲೆ ಕೈಯಿಂದ ಇನ್ನೊಂದು ಸಾಲು. ಶರ್ಟು ಕೊಟ್ಟೊಡನೆ ಬಿಷಪರು ಕಿಸೆಯೊಳಗೆ ಬೆರಳು ತೂರಿ ಬಲವಾಗಿ ಜಗ್ಗಿದರು, ಎರಡು ಸಲ. ಬೇರೆ ದಿನವಾಗಿದ್ದರೆ, ತಮ್ಮ ಹೊಲಿಗೆಯನ್ನು ಹಾಗೆ ಜಗ್ಗಿದವನನ್ನು ಮೋಹನದಾಸರು ಅಂಗಡಿಯಿಂದ ಆಚೆ ಅಟ್ಟುತ್ತಿದ್ದರು.

"ಇನ್ನೊಮ್ಮೆ ಎಳೆದು ನೋಡಿ," ಎಂದರು ಇವತ್ತು ತಾವೇ.

ಬಿಷಪರು ಇನ್ನೊಮ್ಮೆ ಜಗ್ಗಿದರು.